ಖಾಲಿ ಗಾಜಿನ ಹಸಿರು

ಯುರೋಪಿಯಂ ಎಂಬ ಧಾತು ಸೇರಿಸಿ ಗಾಜಿನ ಮೇಲೆ ಬಳಿದ ತೆಳುಪದರವನ್ನು ಯುವಿ ದೀಪದ ಕೆಳಗಿಟ್ಟರೆ ಅದು ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಹೊಳೆಯುತ್ತದೆ. ದೀಪ ಆರಿಸಿದ ಕೂಡಲೇ ಮತ್ತೆ ಬರೀ ಗಾಜು. ಎಂ.ಎಸ್ಸಿ. ಮುಗಿಸಿ ಬೀದರಿನ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದ ಮೊದಲ ದಿನ ನನಗೆ ಇದನ್ನು ತೋರಿಸಿದವನು ಅಶ್ವಜಿತಣ್ಣ. ನಾನು ನೋಡಿ ಸುಮ್ಮನೆ ನಿಂತಿದ್ದೆ.

"ಚಂದ ಅದ ಅಂತಾದ್ರೂ ಅನ್ನವಾ. ಎರಡು ದಿನ ಫರ್ನೇಸ್ ಮುಂದ ಕೂತೀನಿ," ಅಂದ.

"ಚಂದ ಅದರಿ," ಅಂದೆ. ಆ ದಿನ ಅಲ್ಲಿ ನಾನಾಡಿದ ಮಾತು ಅದೊಂದೇ.

ಅವನು ಔರಾದ ತಾಲೂಕಿನ ಡಾಬಕಾದವನು. ತಂದೆ ಇಲ್ಲ. ತಾಯಿ ಅಂಜನಾಬಾಯಿ ನಾಲ್ಕೆಕರೆ ತೊಗರಿ, ಸೋಯಾ ನೋಡಿಕೊಂಡು ಅವನನ್ನು ಓದಿಸಿದ್ದರು. ಪಿಎಚ್.ಡಿ.ಗೆ ಹೆಸರು ಹಚ್ಚಿ ಐದು ವರ್ಷ ಮುಗಿದಿತ್ತು, ಮೇಲೆ ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದ. ಕೊನೆಯ ಗಡುವು ಬರುವ ಡಿಸೆಂಬರ್. ಅದರೊಳಗೆ ಹೊರಗಿನ ಪರೀಕ್ಷಕರ ಮುಂದೆ ನಿಂತು ತನ್ನ ಕೆಲಸವನ್ನು ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ಒಪ್ಪಿಸಲು ಕೈಯಲ್ಲೊಂದು ಹೊಸ ಸಂಗತಿ ಬೇಕು. ಅದು ಇರಲಿಲ್ಲ.

ಯುರೋಪಿಯಂಗೆ ಎರಡು ಸ್ವಭಾವ. ಗಾಳಿಯಲ್ಲಿ ಸುಟ್ಟರೆ ಕೆಂಪು ಬೆಳಕು ಕೊಡುತ್ತದೆ. ಇದ್ದಿಲ ಪುಡಿ ತುಂಬಿದ ಮೂಸೆಯೊಳಗೆ, ಗಾಳಿ ಹೋಗದಂತೆ ಮುಚ್ಚಿ ಸುಟ್ಟರೆ ನೀಲಿ. ಎರಡನ್ನೂ ಒಂದೇ ಪದರದಲ್ಲಿ ಉಳಿಸಿಕೊಳ್ಳಲು ಅವನಿಗೆ ಮೂರು ವರ್ಷ ಹಿಡಿದಿತ್ತು. ನಡುವೆ ಹಸಿರೊಂದು ಸೇರಿದರೆ ಮೂರೂ ಕೂಡಿ ಬಿಳಿ ಬೆಳಕಾಗುತ್ತದೆ. ಒಂದೇ ಧಾತು, ಒಂದೇ ಪದರ, ಬಿಳಿ ಬೆಳಕು. ಅದು ಅವನು ಹುಡುಕುತ್ತಿದ್ದದ್ದು. ಗ್ರಾಫಿನಲ್ಲಿ ಬಲಕ್ಕೆ ಕೆಂಪಿನ ಗೆರೆ ಮೊಳೆಯ ಹಾಗೆ ನಿಲ್ಲುತ್ತಿತ್ತು, ಎಡಕ್ಕೆ ನೀಲಿಯ ಸಣ್ಣ ದಿಬ್ಬ. ಹಸಿರು ಇರಬೇಕಾದ ಜಾಗ ಮಾತ್ರ ಯಾವಾಗಲೂ ಬಯಲು.

ಅಕ್ಟೋಬರಿನಲ್ಲಿ ಖಂಡೆನವಮಿ ಬಂತು. ನಮ್ಮಲ್ಲಿ ಪ್ರತಿವರ್ಷ ಆ ದಿನ ಪ್ರಯೋಗಾಲಯದ ಯಂತ್ರಗಳಿಗೆಲ್ಲ ಪೂಜೆ. ಅಶ್ವಜಿತಣ್ಣ ಇರಲಿಲ್ಲ. ಪ್ರತಿ ದಸರೆಗೂ ತಾಯಿಯನ್ನು ಕರೆದುಕೊಂಡು ಬೌದ್ಧರ ಯಾತ್ರಾಸ್ಥಳವಾದ ನಾಗಪುರದ ದೀಕ್ಷಾಭೂಮಿಗೆ ಹೋಗುವುದು ಅವರ ಮನೆಯ ರೂಢಿ. ಅವನ ಮಾರ್ಗದರ್ಶಕರಾದ ಶಿವರಾಜಪ್ಪ ಸರ್ ಕಾಯಿ ಒಡೆದರು, ವಿಭಾಗದ ನಾಲ್ವರು ಅಧ್ಯಾಪಕರು ಕೈಮುಗಿದರು. ಅರಿಶಿನ ಕುಂಕುಮದ ಬಟ್ಟಲು ನನ್ನ ಕೈಯಲ್ಲಿತ್ತು.

"ಎಲ್ಲಾದಕ್ಕೂ ಹಚ್ಚವಾ ಶಿವಕಾಂತಾ. ಒಂದನ್ನೂ ಬಿಡಬ್ಯಾಡ. ಬಿಟ್ಟಿದ್ದೇ ನಾಳಿ ಕೈ ಕೊಡ್ತದ," ಅಂದರು ಸರ್.

ನಾನು ಫರ್ನೇಸಿಗೆ ಹಚ್ಚಿದೆ, ತಕ್ಕಡಿಗೆ ಹಚ್ಚಿದೆ, ಬೆಳಕು ಅಳೆಯುವ ಯಂತ್ರದ ಮುಚ್ಚಳಕ್ಕೆ ಹಚ್ಚಿದೆ. ಪಕ್ಕದಲ್ಲಿ ಗಾಜಿನ ತುಂಡನ್ನು ಸಿಕ್ಕಿಸುವ ಹೋಲ್ಡರ್ ಇತ್ತು, ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಅಲ್ಯೂಮಿನಿಯಂ ತುಂಡು. ಅದಕ್ಕೂ ಒಂದು ಬೊಟ್ಟಿಟ್ಟೆ. ಎಲ್ಲರೂ ಪೇಡಾ ತಿಂದರು. ಸಂಜೆ ನಮ್ಮೂರು ಭಾಲ್ಕಿಯ ರೈಲು ಹಿಡಿಯುವ ಮೊದಲು ಎಲ್ಲವನ್ನೂ ಒದ್ದೆ ಹತ್ತಿಯಿಂದ ಒರೆಸಿದೆ. ಕುಂಕುಮ ಹೋಯಿತು, ಬಣ್ಣವೂ ಕಾಣಲಿಲ್ಲ. ಅರಿಶಿನ ನೀರಿಗೆ ಹೋಗುವುದಿಲ್ಲ ಎಂದು ನಮ್ಮ ಅವ್ವನ ಸೆರಗು ನೋಡಿಯೇ ಗೊತ್ತಿರಬೇಕಿತ್ತು ನನಗೆ. ಆಗ ಹೊಳೆಯಲಿಲ್ಲ.

ನಾಲ್ಕು ದಿನದ ಮೇಲೆ ಅಣ್ಣ ಬಂದ. ಅದೇ ವಾರ ಮೂಸೆಯಿಂದ ತೆಗೆದ ಹೊಸ ಪದರವನ್ನು ಅಳೆಯಲಿಟ್ಟು ಪರದೆ ನೋಡುತ್ತಾ ಕುಳಿತ. ಆಮೇಲೆ ನನ್ನನ್ನು ಕರೆದ. ನೀಲಿ ದಿಬ್ಬಕ್ಕೂ ಕೆಂಪು ಮೊಳೆಗೂ ನಡುವಿನ ಬಯಲಿನಲ್ಲಿ ಅಗಲವಾದ ಇನ್ನೊಂದು ದಿಬ್ಬ ಎದ್ದಿತ್ತು.

"ಹಸರು," ಅಂದ ಮೆಲ್ಲಗೆ.

ಅವನು ಅಷ್ಟಕ್ಕೇ ನಂಬುವವನಲ್ಲ. ಬೇರೆ ಪದರ ಮಾಡಿದ, ಅಳೆದ. ಇನ್ನೊಂದು ಮಾಡಿದ. ನಾಲ್ಕು ಪದರಗಳಲ್ಲೂ ದಿಬ್ಬ ಇತ್ತು. ನಾಲ್ಕನೆಯದರಲ್ಲಿ ಸ್ವಲ್ಪ ತಗ್ಗಿತ್ತು. ಯಂತ್ರದ ದೀಪ ಹಳೆಯದಾಗಿದೆ ಅಂದುಕೊಂಡ. ಪದರವಿಲ್ಲದ ಖಾಲಿ ಗಾಜಿನದು ಆಗಸ್ಟಿನಲ್ಲಿ ಅಳೆದಿಟ್ಟದ್ದಿತ್ತು, ಅದರಲ್ಲಿ ಏನೂ ಇರಲಿಲ್ಲ. ಆದ್ದರಿಂದ ಹಸಿರು ಪದರದ್ದೇ. ಮೂರು ಬಣ್ಣಗಳ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಸರಿಯಾದ ಬಿಳಿ ಬರುತ್ತಿತ್ತು.

ಪೂಜೆಯ ದಿನ ಪೇಡಾ ಹಂಚಿದವರು ನಮ್ಮ ವಿಭಾಗದ ಸಿಪಾಯಿ ಹಮೀದುನ್ನಿಸಾ ಆಪಾ. ಇಪ್ಪತ್ತು ವರ್ಷದಿಂದ ಅಲ್ಲಿದ್ದವರು, ಯಾರಿಗೂ ಅಂಜುವವರಲ್ಲ. ಕಪ್ಪು ಪೆಟ್ಟಿಗೆಯೊಳಗೆ ಯುವಿ ದೀಪದ ಕೆಳಗಿಟ್ಟ ಪದರವನ್ನು ಬಗ್ಗಿ ನೋಡಿ ಅಂದರು, "ಬಿಳಿ ಎಲ್ಲಿ ಅದೋ? ಬದನಿಕಾಯಿ ಬಣ್ಣ ಕಾಣಕತ್ತದ ನನಗ."

"ಬೆಳಕು ಸಣ್ಣದದ ಆಪಾ. ಕಣ್ಣಿಗಿ ಕಾಣಲ್ದು ಮಶೀನ್‌ಗಿ ಕಾಣ್ತದ."

"ಮಶೀನ್‌ಗಿ ಕಾಣ್ತದಂತ. ನಿನಗ ಲಗ್ನಕ್ಕ ಹುಡುಗೀನೂ ಮಶೀನೇ ನೋಡ್ತದೇನು?"

ಅವನು ನಕ್ಕ. ಅಷ್ಟು ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಕಿಟಕಿಯ ಹತ್ತಿರ ನಿಂತು ತಾಯಿಗೆ ಫೋನ್ ಮಾಡಿದ. "ಆಯಿ, ಸಿಕ್ತು," ಅಂದ. ಏನು ಸಿಕ್ಕಿತೆಂದು ಅವರು ಕೇಳಿರಬೇಕು. "ಬೆಳಕು, ಬೆಳಕು ಸಿಕ್ತು. ಈ ಸಲ ಆಗ್ತದ." ಆಮೇಲೆ ಮರಾಠಿಯಲ್ಲಿ ಏನೇನೋ ಹೇಳುತ್ತಾ ಕಾರಿಡಾರಿಗೆ ಹೋದ.

ಶಿವರಾಜಪ್ಪ ಸರ್ ಡಿಸೆಂಬರ್ ಎರಡನೆಯ ವಾರಕ್ಕೆ ಸಭೆ ಗೊತ್ತು ಮಾಡಿದರು. ಅಣ್ಣ ಪ್ರಬಂಧ ಬರೆಯಲು ಕುಳಿತ. ಹದಿನೇಳು ದಿನ ಉಳಿದಿದ್ದಾಗ ನನಗೊಂದು ಸಣ್ಣ ಕೆಲಸ ಹೇಳಿದ.

"ಖಾಲಿ ಗಾಜಿಂದು ಆಗಸ್ಟಿಂದದ, ಹಳೇದಾತು. ಪರೀಕ್ಷಕರು ಕೇಳಿದ್ರ ಇರ್ಲಿ, ಒಂದು ಹೊಸಾದು ತಗದಿಡು."

ನಾನು ಹೊಚ್ಚ ಹೊಸ ಕ್ವಾರ್ಟ್ಜ್ ಗಾಜನ್ನು ತೊಳೆದು ಒಣಗಿಸಿ ಹೋಲ್ಡರಿಗೆ ಸಿಕ್ಕಿಸಿದೆ. ಅದರ ಮೇಲೆ ಯಾವ ಪದರವೂ ಇರಲಿಲ್ಲ, ಯುರೋಪಿಯಂ ಇರಲಿಲ್ಲ. ಗ್ರಾಫಿನ ಗೆರೆ ನಿಧಾನವಾಗಿ ಎಡದಿಂದ ಬಲಕ್ಕೆ ಹೋಯಿತು. ನೀಲಿ ಇಲ್ಲ. ಆಮೇಲೆ ಗೆರೆ ಏಳತೊಡಗಿತು. ಏಳುತ್ತಲೇ ಹೋಯಿತು, ಅದೇ ಅಗಲ, ಅದೇ ಜಾಗ. ಕೆಂಪು ಇಲ್ಲ. ಹಸಿರು ಮಾತ್ರ ಇತ್ತು.

ಗಾಜು ತೆಗೆದು ಹೋಲ್ಡರನ್ನೊಂದೇ ಕಪ್ಪು ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದೆ. ಗಾಜು ಕೂರುವ ಸಂದಿಯ ತಳದಲ್ಲಿ ದಾರದಷ್ಟು ಸಣ್ಣಗೆ ಹಳದಿ ಹಸಿರು ಹೊಳೆಯಿತು. ಅರಿಶಿನ ಯುವಿ ಬೆಳಕಿಗೆ ಹೊಳೆಯುತ್ತದೆ ಎಂದು ನಾನು ಎರಡನೇ ಸೆಮಿಸ್ಟರಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಆ ಫೈಲನ್ನು ನಾನು ಅಳಿಸಲಿಲ್ಲ. ಅಣ್ಣನಿಗೆ ತೋರಿಸಲೂ ಇಲ್ಲ.

"ತಗದಿ ಏನು ಖಾಲಿ ಗಾಜಿಂದು?" ಎಂದು ಮರುದಿನ ಕೇಳಿದ. "ತಗೀತೇನಿ ಅಣ್ಣಾ," ಅಂದೆ. ಅದರ ಮರುದಿನವೂ ಕೇಳಿದ. "ನಾಳಿ ತಗೀತೇನ್ರಿ." ಮೂರನೆಯ ದಿನ ಅವನು ಪುಟಗಳ ನಡುವೆ ಮುಳುಗಿ ಕೇಳುವುದನ್ನೇ ಮರೆತ. ಅದಕ್ಕೆ ನನಗೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಹೇಳಬೇಕಾದ ಮಾತನ್ನು ಪ್ರತಿ ದಿನ ಡೈರಿಯಲ್ಲಿ ಬರೆಯುತ್ತಿದ್ದೆ: ಅಣ್ಣಾ, ಅದು ಅರಿಶಿನ. ಅಣ್ಣಾ, ತಪ್ಪು ನನ್ನದು. ಅಣ್ಣಾ, ಹಸಿರು ನಿಮ್ಮದಲ್ಲ. ಬರೆದ ಮೇಲೆ ಹೇಳಿದಷ್ಟೇ ಸಮಾಧಾನವಾಗುತ್ತಿತ್ತು, ಅದೇ ಕೆಟ್ಟದ್ದು. ಹೀಗೆ ಹನ್ನೊಂದು ದಿನ ಹೋದವು.

ಸಭೆಗೆ ಆರು ದಿನ ಇದ್ದಾಗ ಮಧ್ಯಾಹ್ನ ಅವನು ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ನನ್ನ ಕಡೆ ಸರಿಸಿದ. "ಆಯಿ ಕಳಿಸ್ಯಾಳ. ಸಭಾಕ್ಕ ಬರ್ತೇನಿ ಅಂತಾಳ. ಏನ್ ತಿಳೀತದ ನಿನಗ ಅಂದ್ರ, ನಿನ್ನ ಮಾರಿ ತಿಳೀತದಲ್ಲ ಅಂತಾಳ."

ನನ್ನ ಕೈ ರೊಟ್ಟಿಗೆ ಹೋಗಲಿಲ್ಲ. "ಅಣ್ಣಾ, ಖಾಲಿ ಗಾಜು ತಗದೀನ್ರಿ," ಅಂದೆ. ಫೈಲು ತೆರೆದು ತೋರಿಸಿದೆ. ಉಳಿದದ್ದನ್ನು ನೆಲ ನೋಡುತ್ತಾ ಹೇಳಿದೆ. ಎಷ್ಟು ದಿನದ ಹಿಂದೆ ಗೊತ್ತಾಯಿತು ಎಂಬುದನ್ನೂ ಹೇಳಿದೆ.

ಅವನು ಎದ್ದು ಕೈ ತೊಳೆದ. ಹೋಲ್ಡರಿನ ಸಂದಿಗೆ ಸ್ಪಿರಿಟ್ ಹಾಕಿ, ಕಡ್ಡಿಗೆ ಹತ್ತಿ ಸುತ್ತಿ ತಿಕ್ಕಿದ. ಹತ್ತಿ ಹಳದಿಯಾಯಿತು. ಮತ್ತೆ ಗಾಜು ಸಿಕ್ಕಿಸಿ ಅಳೆದ. ಗೆರೆ ನೆಲಕ್ಕೆ ಹತ್ತಿಕೊಂಡು ಕೊನೆಯವರೆಗೆ ಸುಮ್ಮನೆ ಹೋಯಿತು. ಆಮೇಲೆ ತನ್ನ ನಾಲ್ಕೂ ಪದರಗಳನ್ನು ಒಂದೊಂದಾಗಿ ಇಟ್ಟು ಅಳೆದ. ಕೆಂಪು, ನೀಲಿ, ನಡುವೆ ಬಯಲು. ಸಂಜೆ ಐದಾಗಿತ್ತು. ನನ್ನ ರೈಲು ಹೋಗಿತ್ತು.

"ಐದು ವರ್ಷ ಹುಡುಕೀನಿ," ಅಂದ ಕೊನೆಗೆ. "ನಮ್ಮ ಆಯೀ ಮಸಾಲಿ ಡಬ್ಬ್ಯಾಗ ಇತ್ತು ನೋಡು."

ನಗುತ್ತಾನೆ ಅಂದುಕೊಂಡೆ. ನಗಲಿಲ್ಲ.

"ನನಗ ಬೈರಿ ಅಣ್ಣಾ."

"ಬೈದ್ರ ಏನ್ ಬರ್ತದ. ಖಾಲಿ ಗಾಜು ನಾನೇ ತಗೀಬೇಕಿತ್ತು. ಹಸರು ಕಂಡ ದಿನಾನೇ ತಗೀಬೇಕಿತ್ತು." ಡಬ್ಬಿ ಮುಚ್ಚುತ್ತಾ ಅಂದ, "ಹನ್ನೊಂದು ದಿನ ಮೊದಲ ಹೇಳಿದ್ರ ಬ್ಯಾರೆ ಏನರೆ ನೋಡ್ತಿದ್ದೆ."

ಅವನು ನನ್ನ ಮೇಲೆ ಹೊರಿಸಿದ್ದು ಅದೊಂದೇ ಮಾತು.

ಮರುದಿನ ಸರ್ ಕೋಣೆಗೆ ಹೋದ. ಬಾಗಿಲು ಅರ್ಧ ತೆರೆದಿತ್ತು, ನಾನು ಹೊರಗೆ ನಿಂತಿದ್ದೆ.

"ಆ ಗ್ರಾಫ್ ಇರ್ಲಿ," ಅಂದರು ಸರ್. "ಹೊರಗಿನವರು ಬಂದು ನಿನ್ನ ಹೋಲ್ಡರ್ ಮೂಸಿ ನೋಡ್ತಾರೇನು? ಡಿಗ್ರಿ ಆಗ್ಲಿ ಮೊದಲ."

"ಅದು ನನ್ನ ಪದರದ ಬೆಳಕಲ್ಲರಿ ಸರ್."

"ನಿನ್ನ ಮ್ಯಾಲಿನ ಕಾಳಜಿಗಿ ಹೇಳಕತ್ತೀನಿ ನಾ."

"ಗೊತ್ತದರಿ."

ಸರ್ ದನಿ ತಗ್ಗಿಸಿ, "ನಿನ್ನ ಮರ್ಜಿ. ಆದ್ರ ಪೂಜಿ ಗೀಜಿ ಅಂತ ಅಲ್ಲಿ ಹೇಳಬ್ಯಾಡ. ಡಿಪಾರ್ಟ್‌ಮೆಂಟ್ ಹೆಸರು ಕೆಡ್ತದ," ಅಂದರು.

ಹೊರಗೆ ಬಂದವನು ನನ್ನನ್ನು ನೋಡಿ, "ಆಯಿಗಿ ಫೋನ್ ಮಾಡಬೇಕು, ಬರಬ್ಯಾಡ ಅಂತ," ಎಂದಷ್ಟೇ ಹೇಳಿ ಹೋದ.

ಸಭೆಯ ದಿನ ಸೆಮಿನಾರ್ ಹಾಲಿನಲ್ಲಿ ಮೂವತ್ತು ಜನ ಇದ್ದರು. ಮುಂದಿನ ಸಾಲಿನಲ್ಲಿ ಹೊರಗಿನ ಇಬ್ಬರು ಪರೀಕ್ಷಕರು, ಶಿವರಾಜಪ್ಪ ಸರ್, ನಮ್ಮ ನಾಲ್ವರು ಅಧ್ಯಾಪಕರು. ನಾನು ಮೂರನೆಯ ಸಾಲಿನ ತುದಿಯಲ್ಲಿ ಕುಳಿತೆ. ಅಣ್ಣ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದ. ಕೆಂಪಿನ ಬಗ್ಗೆ ಹೇಳಿದ, ನೀಲಿಯ ಬಗ್ಗೆ ಹೇಳಿದ, ಇದ್ದಿಲ ಮೂಸೆಯ ಬಗ್ಗೆ ಬಹಳ ಚೆನ್ನಾಗಿ ಹೇಳಿದ. ಆಮೇಲೆ ಪರದೆಯ ಮೇಲೆ ಎರಡು ಗ್ರಾಫ್ ಹಾಕಿದ. ಒಂದರಲ್ಲಿ ಹಸಿರು ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಮೊದಲನೆಯದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಈ ಹಸಿರು ಪದರದಿಂದ ಬಂದದ್ದಲ್ಲ. ಹೋಲ್ಡರಿನ ಸಂದಿಯಲ್ಲಿ ಅರಿಶಿನ ಉಳಿದಿತ್ತು."

ಹಿಂದೆ ಯಾರೋ ಕಿಸಕ್ಕೆಂದರು.

ಹಿರಿಯ ಪರೀಕ್ಷಕರು ಕನ್ನಡಕ ತೆಗೆದರು. "ನಿಮ್ಮ ಮುಖ್ಯ ಫಲಿತಾಂಶ ಇದೇ ಅಲ್ಲವೆ?"

"ಇತ್ತು ಸರ್. ಈಗ ಇಲ್ಲ."

"ಬೆಳಕು ಅಳೆಯುವ ಯಂತ್ರದೊಳಗೆ ಅರಿಶಿನ ಹೇಗೆ ಬಂತು?"

ಅವನು ಉತ್ತರಿಸುವ ಮೊದಲೇ ಶಿವರಾಜಪ್ಪ ಸರ್ ಹಿಂದಕ್ಕೆ ತಿರುಗಿದರು. "ಯಾರು ಹಚ್ಚಿದ್ರು? ಯಾರಿಗಾದ್ರೂ ಗೊತ್ತದ ಏನು?"

ಅವರು ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿನಿಂದ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ನಾಲ್ವರು ಅಧ್ಯಾಪಕರಲ್ಲಿ ಒಬ್ಬರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು, ಒಬ್ಬರು ಫೋನ್ ನೋಡುತ್ತಿದ್ದರು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಹಮೀದುನ್ನಿಸಾ ಆಪಾ ಮಾತ್ರ ನೇರವಾಗಿ ನನ್ನನ್ನೇ ನೋಡಿದರು. ಏಳಬೇಕು ಅಂದುಕೊಂಡೆ. ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದೆ. ಏಳು ಶಿವಕಾಂತಾ, ಒಂದೇ ಮಾತು, ನಾನು ಅನ್ನು, ಅಷ್ಟು ಸಾಕು. ಮೂವತ್ತು ತಲೆಗಳು ತಿರುಗುವುದು ಕಣ್ಣಿಗೆ ಕಟ್ಟಿತು.

"ಹೋಲ್ಡರ್ ನಂದರಿ ಸರ್," ಅಂದ ಅಣ್ಣ. "ಅದನ್ನ ಸಾಫ್ ಇಡೂದು ನನ್ನ ಕೆಲಸ ಇತ್ತು. ಬ್ಯಾರೆ ಯಾರದೂ ಏನೂ ಇಲ್ಲ."

ಪರೀಕ್ಷಕರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಪ್ರಾಮಾಣಿಕತೆಯನ್ನು ಮೆಚ್ಚಿದರು. ಉಳಿದ ಕೆಲಸ ಪದವಿಗೆ ಸಾಲದು, ಇನ್ನೊಂದು ವರ್ಷ ಬೇಕು ಎಂದರು. ಆ ವರ್ಷ ಅವನಿಗೆ ಇರಲಿಲ್ಲ. ಎಲ್ಲರಿಗೂ ಚಹಾ ಬಂತು. ಆಪಾ ನನ್ನ ಮುಂದೆ ಲೋಟ ಇಟ್ಟು ಮುಂದೆ ಹೋದರು. ಯಾವಾಗಲೂ ನನ್ನನ್ನು ಬೇಟಿ ಎಂದು ಕರೆಯುತ್ತಿದ್ದವರು ಅಂದಿನಿಂದ ಇಂದಿನವರೆಗೆ ಹಾಗೆ ಕರೆದಿಲ್ಲ.

ಡಿಸೆಂಬರ್ ಕೊನೆಗೆ ನೋಂದಣಿ ರದ್ದಾಯಿತು. ಅಣ್ಣ ಕಮಲನಗರದ ಹೈಸ್ಕೂಲೊಂದರಲ್ಲಿ ಅತಿಥಿ ಶಿಕ್ಷಕನಾಗಿ ಸೇರಿದ ಎಂದು ಕೇಳಿದೆ. ಅವನ ಟೇಬಲ್ಲಿನಲ್ಲಿ ಆರು ದಪ್ಪ ನೋಟ್‌ಬುಕ್ಕುಗಳು, ಅಂಕಪಟ್ಟಿಗಳ ಫೈಲು ಉಳಿದಿದ್ದವು. "ಅಂಚೆಗೆ ಹಾಕು," ಅಂದರು ಸರ್, "ಟೇಬಲ್ ಇನ್ನ ನೀ ತಗೋ." ನಾನು ಅಂಚೆಗೆ ಹಾಕಲಿಲ್ಲ. ಜನವರಿಯ ಒಂದು ದಿನ ಚೀಲ ಹೊತ್ತು ಔರಾದಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಡಾಬಕಾದಲ್ಲಿ ಇಳಿದೆ.

ಅಂಜನಾಬಾಯಿ ಅಂಗಳದಲ್ಲಿ ಕುಳಿತು ಮೊರದಲ್ಲಿ ತೊಗರಿ ಕೇರುತ್ತಿದ್ದರು. ಹೆಸರು ಹೇಳಿದೆ. ಗುರುತು ಹಿಡಿದರು, ಅಣ್ಣ ನನ್ನ ಬಗ್ಗೆ ಹೇಳಿದ್ದನಂತೆ, ಭಾಳ ಮೆತ್ತನ್ನ ಹುಡುಗಿ ಅಂತ.

"ಕೂಡು ಬಾಳಾ. ಅಂವ ಆರರ ಬಸ್ಸಿಗಿ ಬರ್ತಾನ." ಮಗುವಿಗೆ ಅನ್ನುವ ಹಾಗೆ ಬಾಳಾ ಎಂದವರು ಚೀಲವನ್ನು ಗೋಡೆಗೆ ಆನಿಸಿದರು. "ಮಶೀನ್ ಕೆಟ್ಟಿತಂತಲ್ಲ. ಅಷ್ಟು ದೊಡ್ಡ ಕಾಲೇಜು, ಒಂದು ಬರೋಬರ್ ಮಶೀನ್ ಇಡಬಾರದೇನು?"

ಅವನು ಹಾಗೆ ಹೇಳಿದ್ದ.

"ಮಶೀನ್ ಕೆಟ್ಟಿರಲಿಲ್ಲ ಆಯಿ," ಅಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಪೂಜೆ, ಬಟ್ಟಲು, ಒದ್ದೆ ಹತ್ತಿ, ಹನ್ನೊಂದು ದಿನ, ಸೆಮಿನಾರ್ ಹಾಲು. ಅಷ್ಟು ಮಾತನ್ನು ಒಂದೇ ಸಲ ಯಾರ ಮುಂದೆಯೂ ನಾನು ಆಡಿಲ್ಲ. ಅವರ ಕೈಯಲ್ಲಿ ಮೊರ ನಿಂತಿರಲಿಲ್ಲ. ಹೊಟ್ಟು ಒಂದು ಕಡೆ ಹಾರುತ್ತಿತ್ತು, ಕಾಳು ಮೊರದಲ್ಲೇ ಬೀಳುತ್ತಿತ್ತು.

"ನೀ ಹಚ್ಚಿದ್ದು ಅಂವನ್ನ ಬಿಟ್ಟು ಅಲ್ಲಿ ಎಷ್ಟು ಮಂದಿಗಿ ಗೊತ್ತಿತ್ತು?" ಎಂದು ಕೇಳಿದರು.

ನಾನು ಮನಸ್ಸಿನಲ್ಲೇ ಎಣಿಸಿದೆ. ಸರ್, ನಾಲ್ವರು ಅಧ್ಯಾಪಕರು, ಆಪಾ, ನಾನು. "ಏಳು ಮಂದೀಗಿರಿ."

"ಏಳು ಮಂದಿ," ಅಂದರು. ಮೊರ ಕೆಳಗಿಟ್ಟರು. "ಪೂಜಿ ದಿನ ನಮ್ಮ ಅಶ್ವಜಿತ ಅಲ್ಲಿ ಇರಲೇ ಇಲ್ಲ. ನನ್ನ ಸಂಗಟ ಇದ್ದ."

ನಾನು ನೆಲಕ್ಕೆ ಬಿದ್ದಿದ್ದ ಹೊಟ್ಟನ್ನು ಕೈಯಿಂದ ಒಟ್ಟುಮಾಡಿದೆ.

"ಹೇಳೂದಿದ್ರ ಅಲ್ಲಿ ಹೇಳಬೇಕಿತ್ತು ಬಾಳಾ. ನನಗ ಹೇಳಿ ಏನಾತು? ಮಶೀನ್ ಕೆಟ್ಟಿತು ಅಂತ ತಿಳಕೊಂಡು ಹ್ಯಾಂಗೋ ಸಮಾಧಾನ ಮಾಡಕೊಂಡಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದರು, ಜೊತೆಗೆ ತಟ್ಟೆಯಲ್ಲಿ ಸ್ವಲ್ಪ ಚುರುಮುರಿ. ಸಕ್ಕರೆ ಹೆಚ್ಚಾಗಿತ್ತು. ಪೂರ್ತಿ ಕುಡಿದು ಲೋಟ ತೊಳೆದಿಟ್ಟೆ. ಕೂಡು ಎಂದು ಮೊದಲು ಹೇಳಿದವರು ಮತ್ತೊಮ್ಮೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಾಗಿಲವರೆಗೆ ಬಂದು, ರಸ್ತೆಯಲ್ಲಿ ನಾಯಿ ಅವ, ಬದೀಲಿಂದ ಹೋಗು ಅಂದರು.

ಐದೂವರೆಗೆ ಔರಾದ ಬಸ್ಸು ಬಂತು. ಹತ್ತಿ ಕುಳಿತೆ.